ಕ್ಲಿಕ್ ಭಾಷೆ ಕಲಿಯಲು ಯಾವುದು ಸರಿ: ಖೋಯಿಖೋಯಿಗೋವಾಬ್, ಜುಹೋವಾನ್, ತಾ, ಖೋಸಾ

ನಾಲಗೆ ಚಿಟಕಿಸಿದ ಸದ್ದುಗಳೇ ವ್ಯಂಜನಗಳಾಗಿ ಬರುವ ಮಾತು ಕ್ಲಿಕ್ ಭಾಷೆ. ಊರಲ್ಲೇ ಕೂತು ಅಂಥದ್ದೊಂದನ್ನು ಕಲಿಯುವವರು ಖೋಯಿಖೋಯಿಗೋವಾಬ್ ಹಿಡಿಯುವುದೇ ಲೇಸು. ನಮೀಬಿಯಾದ ನಾಮಾ ಮತ್ತು ದಾಮರಾ ಜನರ ಮಾತು ಇದು. ಅಲ್ಲಿನ ಶಾಲೆಗಳಲ್ಲಿ ಕಲಿಸುತ್ತಾರೆ, ಸರ್ಕಾರಿ ರೇಡಿಯೊದಲ್ಲಿ ಪ್ರಸಾರವಿದೆ, 2002ರಲ್ಲಿ ಬಂದ ದಪ್ಪ ನಿಘಂಟೂ ಇದೆ. ಕಿವಿಗೆ ದಿನವೂ ಮೇವು ಸಿಗದಿದ್ದರೆ ಕ್ಲಿಕ್ ನಾಲಗೆಗೆ ಹತ್ತುವುದಿಲ್ಲ.

ದಕ್ಷಿಣ ಆಫ್ರಿಕಾದ ಖೋಸಾ ಇನ್ನೂ ಸುಲಭ. ಕ್ಲಿಕ್‌ಗೆ ಸಿ, ಕ್ಯೂ, ಎಕ್ಸ್ ಅಕ್ಷರಗಳೇ ಸಾಕು. ಆದರೆ ಅದು ಬಂಟು ಎಂಬ ಬೇರೆಯೇ ಕುಟುಂಬದ ಭಾಷೆ, ಕ್ಲಿಕ್ಕುಗಳು ನೆರೆಯ ಖೋಯಿ ಜನರಿಂದ ಬಂದ ಎರವಲು. ಬಾಯಿ ಪಳಗಿಸಲು ಒಳ್ಳೆಯದು, ಅಷ್ಟೇ.

ಖೋಯಿಖೋಯಿಯಲ್ಲಿ ಕ್ಲಿಕ್ ಹುಟ್ಟುವ ಜಾಗ ನಾಲ್ಕು. ಹಲ್ಲಿನ ಕ್ಲಿಕ್, ಅಯ್ಯೋ ಪಾಪ ಎಂದು ನಾವು ಲೊಚಗುಟ್ಟುವ ಸದ್ದು. ಪಕ್ಕದ್ದು, ಎತ್ತು ಕುದುರೆ ಹೊಡೆಯುವಾಗ ಕೆನ್ನೆಯ ಮಗ್ಗುಲಿಂದ ಬರುವಂಥದ್ದು. ಮೂರನೆಯದು ಬಾಟಲಿಯ ಬಿರಡೆ ಕಿತ್ತಂತೆ. ಇಲ್ಲಿ ನಾವು ಎಡವುವುದು ಟಕಾರದ ರೂಢಿಯಿಂದ: ನಾಲಗೆಯ ತುದಿ ತೀರಾ ಹಿಂದಕ್ಕೆ ಮಡಚಿಕೊಳ್ಳುತ್ತದೆ. ತುದಿ ಮೇಲ್ಹಲ್ಲಿನ ಬುಡದ ಉಬ್ಬಿನ ಹಿಂದೆಯೇ ಇರಬೇಕು. ನಾಲ್ಕನೆಯದಕ್ಕೆ ನಾಲಗೆಯನ್ನು ಞಕಾರಕ್ಕೆ ಇಡುವಂತೆ ಚಪ್ಪಟೆಯಾಗಿ ಅಂಗುಳಿಗೆ ಅಂಟಿಸಿ ಕೀಳಬೇಕು. ಸದ್ದು ಚುರುಕು, ಸಣ್ಣ.

ನಿಜವಾದ ಕಾಟ ಕಾಗುಣಿತದ್ದು. ನಾಲ್ಕು ಜಾಗಕ್ಕೆ ಐದೈದು ರೀತಿ ಸೇರಿ 20 ಕ್ಲಿಕ್. ಆ ಐದನ್ನು ಕ್ಲಿಕ್ ಚಿಹ್ನೆಯ ಮುಂದಿನ ಅಕ್ಷರ ತೋರಿಸುತ್ತದೆ. 'ಒಳ್ಳೆಯ' ಎಂಬ ಪದದಲ್ಲಿ ಮೊದಲು ಆಶ್ಚರ್ಯಸೂಚಕದಂಥ ಚಿಹ್ನೆ (ಬಿರಡೆ ಕಿತ್ತಂಥ ಕ್ಲಿಕ್‌ನದು), ಆಮೇಲೆ 'ಜಿ', ಆಮೇಲೆ ಮೂಗಿನಿಂದ ಬರುವ 'ಆಯ್'. ಓದಿದವರೆಲ್ಲ 'ಗಾಯ್' ಎನ್ನುತ್ತಾರೆ. ತಪ್ಪು. ಈ ಭಾಷೆಯಲ್ಲಿ ಘೋಷ, ಅಘೋಷ ಎಂಬ ಭೇದವೇ, ಅಂದರೆ ನಮ್ಮ ಗ, ಕ ನಡುವಿನಂಥ ಭೇದವೇ ಇಲ್ಲ. ಆ 'ಜಿ' ಗಕಾರವಲ್ಲ, ಉಸಿರು ಸೇರದ ಬರೀ ಕ್ಲಿಕ್ ಎಂಬ ಗುರುತು. ಕ್ಲಿಕ್ ಬಿಟ್ಟ ಕ್ಷಣವೇ ಸ್ವರ ಶುರುವಾಗಬೇಕು. ನಡುವೆ 'ಕ' ಬೇರೆಯಾಗಿ ಕೇಳಿದರೆ ಕೆಟ್ಟಿತು.

ಹಾಗಾದರೆ ಮುಂದೆ ಯಾವ ಅಕ್ಷರವೂ ಇಲ್ಲದ ಬೋಳು ಚಿಹ್ನೆ ಬರೀ ಕ್ಲಿಕ್ ಆಗಬೇಕಿತ್ತಲ್ಲ? ಅಲ್ಲ. ಅದಕ್ಕೆ ಕ್ಲಿಕ್ ಆದಮೇಲೆ ಗಂಟಲು ಕಟ್ಟಬೇಕು. ಬೇಡ ಎನ್ನಲು ಬಾಯಿ ಮುಚ್ಚಿಕೊಂಡೇ 'ಉಂ-ಉಂ' ಎನ್ನುವಾಗ ನಡುವೆ ತಟಕ್ಕನೆ ಒಂದು ತಡೆ ಬರುತ್ತದಲ್ಲ, ಅದೇ. ನಮೀಬಿಯಾದ ದಕ್ಷಿಣದ ಬಿಸಿನೀರಿನ ಬುಗ್ಗೆ 'ಐ-ಐಸ್' ಹೆಸರಲ್ಲಿ ಎರಡು ಸಲವೂ ಹೀಗೇ: ಲೊಚ, ತಡೆ, ಐ, ಲೊಚ, ತಡೆ, ಐಸ್.

ಮೊದಲು ಕಲಿಯಬೇಕಾದ್ದು 'ಎನ್' ಸೇರಿದ ಅನುನಾಸಿಕ ಕ್ಲಿಕ್. ಙಕಾರವನ್ನು ಎಳೆದು ಹಿಡಿದು, ಗುಂಯ್‌ಗುಡುವುದು ನಿಲ್ಲದಂತೆ ನಾಲಗೆ ಚಿಟಕಿಸಿ. ಕ್ಲಿಕ್‌ಗೆ ಶ್ವಾಸಕೋಶದ ಗಾಳಿ ಬೇಡವಾದ್ದರಿಂದ ಎರಡೂ ಒಟ್ಟಿಗೆ ಸಾಗುತ್ತವೆ. ಮೂಗು ಹಿಡಿದರೆ ಗುಂಯ್ ನಿಲ್ಲಬೇಕು. ನಿಲ್ಲದಿದ್ದರೆ ಅದು ಙಕಾರವಲ್ಲ.

ಸ್ವರದ ಏರಿಳಿತದಿಂದ ಅರ್ಥ ಬದಲಾಗುತ್ತದೆ, ಆದರೆ ಬರಹದಲ್ಲಿ ಅದರ ಗುರುತಿಲ್ಲ. ಕೇಳಿಯೇ ಕಲಿಯಬೇಕು.

ಜುಹೋವಾನ್ ನಮೀಬಿಯಾದ ಈಶಾನ್ಯಕ್ಕೆ, ತ್ಸುಮ್‌ಕ್ವೆ ಸುತ್ತ ಆಡುವ ಭಾಷೆ. ಕ್ಲಿಕ್ ಸುಮಾರು 48. ಅಲ್ಲಿ ಘೋಷಕ್ಕೂ ಅಘೋಷಕ್ಕೂ ಭೇದವಿದೆ, ಹಾಗಾಗಿ ಕನ್ನಡದ ಕಿವಿಗೆ ಖೋಯಿಖೋಯಿಗಿಂತ ಹೆಚ್ಚು ಒಗ್ಗುತ್ತದೆ. ಕೇಳಲು ಸಿಗುವ ಧ್ವನಿ ಮಾತ್ರ ಬಹಳ ಕಡಿಮೆ.

ಬೋಟ್ಸ್ವಾನಾದ ತಾ ಭಾಷೆಯಲ್ಲಿ ತುಟಿಯ ಕ್ಲಿಕ್ ಕೂಡ ಇದೆ, ಆಡುವವರು ಕೆಲವೇ ಸಾವಿರ. ಅದು ಧ್ವನಿಶಾಸ್ತ್ರ ಓದುವವರ ಪಾಲಿನದು.

ಖೋಯಿಖೋಯಿ, ಜುಹೋವಾನ್, ತಾ ಇವನ್ನೆಲ್ಲ ಒಟ್ಟಿಗೆ ಕರೆಯುವ ಖೋಯಿಸಾನ್ ಎಂಬುದು ಒಂದೇ ಕುಟುಂಬವಲ್ಲ, ಒಂದು ಭಾಷೆಯ ವ್ಯಾಕರಣ ಇನ್ನೊಂದಕ್ಕೆ ಬರುವುದಿಲ್ಲ. ದಿನಕ್ಕೆ ಅರ್ಧ ಗಂಟೆ, ಖರ್ಚಿಗೆ ಮೊಬೈಲ್ ಡೇಟಾ ಮಾತ್ರ ಎನ್ನುವ ನನ್ನಂಥವರಿಗೆ ರೇಡಿಯೊ ಇರುವ ಖೋಯಿಖೋಯಿಯೇ ಸರಿ. ಟೈಪ್ ಮಾಡುವಾಗ ಕೀಲಿಮಣೆಯ ಆಶ್ಚರ್ಯಸೂಚಕ ಒತ್ತಬೇಡಿ. ನೋಡಲು ಒಂದೇ ಆದರೂ ಹುಡುಕಿದಾಗ ಪದ ಸಿಗುವುದಿಲ್ಲ. ಅಸಲಿ ನಾಲ್ಕು ಚಿಹ್ನೆಗಳು ಯೂನಿಕೋಡ್‌ನಲ್ಲಿ 01ಸಿ0ಯಿಂದ 01ಸಿ3ರವರೆಗೆ ಸಾಲಾಗಿವೆ.