"ಸುಮ್ಮನೆ ಚೆಕ್ ಮಾಡಿಸೋಣ ಅಂತ ಬಂದೆ" ಅಂದರೆ ಕಣ್ಣಿನ ಕ್ಲೈಮು ಕೈತಪ್ಪುತ್ತದೆ

ಸಕ್ಕರೆ ಕಾಯಿಲೆ ಇರುವವರೊಬ್ಬರಿಗೆ ಕಣ್ಣೆದುರು ಕಪ್ಪು ಚುಕ್ಕೆಗಳು ತೇಲತೊಡಗುತ್ತವೆ. ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಏನು ತೊಂದರೆ ಎಂದು ಕೇಳಿದರೆ, "ಏನಿಲ್ಲ, ಸುಮ್ಮನೆ ಚೆಕ್ ಮಾಡಿಸೋಣ ಅಂತ. ಕನ್ನಡಕದ ನಂಬರೂ ನೋಡಿಬಿಡಿ" ಅನ್ನುತ್ತಾರೆ. ಒಳಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ಅಕ್ಷಿಪಟಲ (ಕಣ್ಣಿನ ಹಿಂಭಾಗದ ಪದರ, ರೆಟಿನಾ) ನೋಡುತ್ತಾರೆ, ಅದರ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓಸಿಟಿ ಸ್ಕ್ಯಾನೂ ಆಗುತ್ತದೆ. ಆಮೇಲೆ ವಿಮೆಯವರಿಂದ ಉತ್ತರ ಬರುತ್ತದೆ: ಇದು ಮಾಮೂಲಿ ದೃಷ್ಟಿ ತಪಾಸಣೆ, ಪಾಲಿಸಿಯಲ್ಲಿ ಸೇರಿಲ್ಲ. ಇಡೀ ಬಿಲ್ಲು ರೋಗಿಯ ತಲೆಗೆ.

ಕ್ಲೈಮು ನೋಡುವವರು ಕಣ್ಣನ್ನು ನೋಡುವುದಿಲ್ಲ, ಕಾಗದ ನೋಡುತ್ತಾರೆ. ಅದರಲ್ಲಿ ಮುಖ್ಯವಾದವು ಎರಡು: ರೋಗಿ ಹೇಳಿದ ತೊಂದರೆ, ವೈದ್ಯರು ಬರೆದ ರೋಗನಿರ್ಣಯ. ಕಾಯಿಲೆಗಳಿಗೆ ಸಂಕೇತ ಕೊಡುವ ಅಂತರರಾಷ್ಟ್ರೀಯ ಐಸಿಡಿ-10 ಪಟ್ಟಿಯಲ್ಲಿ ಎಚ್52.1 ಎಂದರೆ ಸಮೀಪದೃಷ್ಟಿ, ಎಚ್52.4 ಎಂದರೆ ಚಾಳೀಸು, ಜ಼ೆಡ್01.0 ಎಂದರೆ ಬರೀ ಕಣ್ಣಿನ ತಪಾಸಣೆ. ಇವು ಮೊದಲ ಸಾಲಿನಲ್ಲಿದ್ದರೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಕನ್ನಡಕದ ಖರ್ಚನ್ನು ಅದು ಕಾಯಿಲೆಯ ಖರ್ಚೆಂದು ಎಣಿಸುವುದೇ ಇಲ್ಲ. ಅದೇ ಜಾಗದಲ್ಲಿ ಇ11.3 (ಕಣ್ಣಿಗೆ ತಗುಲಿದ ಟೈಪ್ 2 ಮಧುಮೇಹ), ಎಚ್40 (ಗ್ಲಾಕೋಮಾ, ಕಣ್ಣಿನ ನರ ಹಾಳಾಗುವ ಕಾಯಿಲೆ) ಅಥವಾ ಎಚ್25 (ವಯಸ್ಸಿನ ಪೊರೆ) ಇದ್ದರೆ ಲೆಕ್ಕವೇ ಬೇರೆ. ವೈದ್ಯರು ಅವರೇ, ಯಂತ್ರವೂ ಅದೇ ಇರಬಹುದು.

ಹಾಗಾಗಿ ಕೌಂಟರಿನಲ್ಲಿ ಇರುವ ತೊಂದರೆಯನ್ನೇ ಮೊದಲು ಹೇಳಿ: ಯಾವ ಕಣ್ಣು, ಎಷ್ಟು ದಿನದಿಂದ, ಸಕ್ಕರೆ ಕಾಯಿಲೆ ಎಷ್ಟು ವರ್ಷದ್ದು. ಇಲ್ಲದ ನೋವನ್ನು ಮಾತ್ರ ಹುಟ್ಟಿಸಬೇಡಿ. ಅದು ವಂಚನೆ, ಮುಂದೆ ಪೊರೆ ಆಪರೇಷನ್ನಿನ ಹೊತ್ತಿಗೆ "ಇದು ಹಳೆಯ ಕಾಯಿಲೆ, ಮುಚ್ಚಿಟ್ಟಿದ್ದೀರಿ" ಎಂದು ಅದೇ ಕಾಗದವನ್ನು ನಿಮ್ಮ ಮುಂದೆ ಹಿಡಿಯುತ್ತಾರೆ.

ಪಾಲಿಸಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ಅನ್ನುವುದಾಗಿದ್ದರೆ ಯಾವ ಸಂಕೇತ ಬರೆದರೂ ಹೊರರೋಗಿ ಭೇಟಿಗೆ ದುಡ್ಡು ಬರದು. ಅದನ್ನು ಮೊದಲೇ ಓದಿಕೊಳ್ಳಿ.

ಎಡವುವ ಇನ್ನೊಂದು ಜಾಗ ನಂಬರ್ ಪರೀಕ್ಷೆಯ ಶುಲ್ಕ. ಗ್ಲಾಕೋಮಾಕ್ಕೆಂದೇ ಹೋಗಿದ್ದರೂ ಮಸೂರ ಬದಲಿಸಿ ಬದಲಿಸಿ "ಈಗ ಚೆನ್ನಾಗಿ ಕಾಣುತ್ತಾ?" ಎಂದು ಕೇಳುವ ಭಾಗವನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ಎಲ್ಲವನ್ನೂ ಒಂದೇ ಮೊತ್ತವಾಗಿ ಬರೆದ ಬಿಲ್ಲು ಹೋದರೆ ಇಡಿಯಾಗಿ ವಾಪಸಾಗಬಹುದು. ಸಲಹಾ ಶುಲ್ಕ, ನಂಬರ್ ಪರೀಕ್ಷೆ, ಓಸಿಟಿ, ದೃಷ್ಟಿಕ್ಷೇತ್ರ ಪರೀಕ್ಷೆ ಇವಕ್ಕೆ ಬೇರೆ ಬೇರೆ ಸಾಲು ಕೇಳಿ. ಕಾಂಟ್ಯಾಕ್ಟ್ ಲೆನ್ಸ್ ಕೂರಿಸುವ ಶುಲ್ಕ ಸಿಗುತ್ತದೆಂದು ಎಣಿಸಲೇಬೇಡಿ.

ಪೊರೆ ಆಪರೇಷನ್ನಿಗೆ ವಿಮೆಯವರ ಪೂರ್ವಾನುಮತಿ ಬೇಕಾಗುವುದುಂಟು. ಅನುಮತಿ ಬಲಗಣ್ಣಿಗೆ ಬಂದು ಡಿಸ್ಚಾರ್ಜ್ ಚೀಟಿಯಲ್ಲಿ "ಎಡ" ಎಂದಾದರೆ ಅಷ್ಟಕ್ಕೇ ಕ್ಲೈಮು ನಿಲ್ಲುತ್ತದೆ. ಎರಡನೆಯ ಕಣ್ಣಿಗೆ ಹೊಸ ಅನುಮತಿ ಬೇಕೇ ಎಂದು ಮೊದಲೇ ಕೇಳಿ. ಪೊರೆ ತೆಗೆದು ಕಣ್ಣೊಳಗೆ ಕೂರಿಸುವ ಮಸೂರಕ್ಕೆ ಸಾಮಾನ್ಯವಾಗಿ ಸಿಗುವುದು ಒಂದೇ ದೂರಕ್ಕೆ ಹೊಂದಿಸಿದ್ದರ ಬೆಲೆ. ಹತ್ತಿರ ದೂರ ಎರಡಕ್ಕೂ ಆಗುವ ಮಲ್ಟಿಫೋಕಲ್ಲೋ, ಅಸ್ಟಿಗ್ಮ್ಯಾಟಿಸಂ (ಕಾರ್ನಿಯಾದ ವಕ್ರತೆಯ ದೋಷ) ಸರಿಪಡಿಸುವ ಟೋರಿಕ್ಕೋ ಬೇಕೆಂದರೆ ವ್ಯತ್ಯಾಸದ ಹಣ ನಿಮ್ಮದೇ, ಅದನ್ನು ಬರಹದಲ್ಲಿ ತೆಗೆದುಕೊಳ್ಳಿ. ಮಸೂರದ ಪವರ್, ಸರಣಿ ಸಂಖ್ಯೆ ಇರುವ ಸ್ಟಿಕ್ಕರನ್ನು ಎಸೆಯಬೇಡಿ.

ಇದೆಲ್ಲ ತುರ್ತು ಇಲ್ಲದಾಗ. ದಿಢೀರನೆ ಮಿಂಚು ಕಂಡರೆ, ಚುಕ್ಕೆಗಳ ಮಳೆಯೇ ಸುರಿದಂತಾದರೆ, ಒಂದು ಬದಿಯಿಂದ ಪರದೆ ಎಳೆದಂತಾದರೆ ಅದು ಅಕ್ಷಿಪಟಲ ಕಳಚುತ್ತಿರುವ ಸೂಚನೆಯಾಗಿರಬಹುದು. ಆಗ ಅನುಮತಿಗೆ ಕಾಯದೆ ಅಂದೇ ಹೋಗಿ.

ಕ್ಲೈಮು ಈಗಾಗಲೇ ತಿರಸ್ಕೃತವಾಗಿದ್ದರೆ ಕಾರಣ ಬರೆದ ಪತ್ರ ತರಿಸಿಕೊಂಡು ವೈದ್ಯರ ಟಿಪ್ಪಣಿಯ ಪಕ್ಕ ಇಟ್ಟು ನೋಡಿ. ಟಿಪ್ಪಣಿಯಲ್ಲಿ ಮಧುಮೇಹದಿಂದಾದ ಅಕ್ಷಿಪಟಲದ ತೊಂದರೆ ಇದ್ದು ಬಿಲ್ಲಿನಲ್ಲಿ ಎಚ್52.1 ಮಾತ್ರ ಹೋಗಿದ್ದರೆ, ಬಿಲ್ಲಿಂಗ್ ವಿಭಾಗದವರು ತಿದ್ದಿದ ಕ್ಲೈಮನ್ನು ಮತ್ತೆ ಕಳಿಸಬಹುದು. ಟಿಪ್ಪಣಿಯಲ್ಲೇ ಇಲ್ಲದ್ದನ್ನು ಆಮೇಲೆ ಸೇರಿಸಿಕೊಡಿ ಎಂದು ವೈದ್ಯರನ್ನು ಪೀಡಿಸಬೇಡಿ, ಅವರು ಸೇರಿಸುವಂತಿಲ್ಲ. ಮೇಲ್ಮನವಿಯ ಗಡುವು ಸಾಮಾನ್ಯವಾಗಿ ಆ ಪತ್ರದಲ್ಲೇ ಇರುತ್ತದೆ, ಹೆಚ್ಚಾಗಿ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ.