ಬಾಡಿಗೆ ಮನೆ ಸಾಮಾನಿಗೆ ಇನ್ಶೂರೆನ್ಸ್: ತುಮಕೂರಿನಲ್ಲಿ ಮೂರು ವರ್ಷ ಕಟ್ಟಿ ನೋಡಿದ ಮೇಲೆ

2022ರ ಜೂನ್‌ನಲ್ಲಿ ಈ ಪಾಲಿಸಿ ಮಾಡಿಸಿದೆ. ಆಗ ಇಂಜಿನಿಯರಿಂಗ್ ಓದುತ್ತಿದ್ದೆ. ಬಟವಾಡಿಯಲ್ಲಿ ಮೊದಲ ಮಹಡಿಯ ಒಂದು ಪುಟ್ಟ ಮನೆ, ನಾನು ಮತ್ತು ಶಿರಾ ಕಡೆಯ ಒಬ್ಬ ಗೆಳೆಯ. "ಅಡ್ವಾನ್ಸ್ ಕೊಡೋಕೇ ದುಡ್ಡಿಲ್ಲ, ಇವನಿಗೆ ಇನ್ಶೂರೆನ್ಸ್ ಬೇರೆ" ಅಂತ ಅವನು ಮೊದಲ ದಿನದಿಂದಲೇ ಗೇಲಿ ಮಾಡಿದ.

ನನ್ನ ತಲೆಗೆ ಈ ಹುಳ ಬಿಟ್ಟಿದ್ದು ದೊಡ್ಡಪ್ಪನ ಮಗಳು. ಅವಳು ಅಮೆರಿಕದಲ್ಲಿ ಎಂ.ಎಸ್. ಓದಲು ಹೋದಾಗ, ಬಾಡಿಗೆದಾರರ ಇನ್ಶೂರೆನ್ಸ್ ಇಲ್ಲದೆ ಅಪಾರ್ಟ್‌ಮೆಂಟಿನವರು ಬೀಗದ ಕೈಯನ್ನೇ ಕೊಡಲಿಲ್ಲವಂತೆ. ಅಲ್ಲಿ ಆ ಪಾಲಿಸಿಯಲ್ಲಿ ನಮ್ಮ ಸಾಮಾನಿನ ಜೊತೆಗೆ, ನಮ್ಮಿಂದ ಬೇರೆಯವರಿಗೆ ಆದ ನಷ್ಟವೂ ಸೇರಿರುತ್ತದೆ. ನಮ್ಮಲ್ಲಿ ಯಾವ ಓನರೂ ಕೇಳುವುದಿಲ್ಲ. ಅವರಿಗೆ ಬೇಕಾದದ್ದು ಅಡ್ವಾನ್ಸ್, ಆಧಾರ್ ಜೆರಾಕ್ಸ್, ಮತ್ತು ರಾತ್ರಿ ಹತ್ತರ ಮೇಲೆ ಗಲಾಟೆ ಮಾಡುವುದಿಲ್ಲ ಅನ್ನುವ ಮಾತು.

ಇಲ್ಲಿ 'ಬಾಡಿಗೆದಾರರ ಇನ್ಶೂರೆನ್ಸ್' ಅಂತ ಕೇಳಿದರೆ ತುಂಬ ಜನಕ್ಕೆ ಗೊತ್ತಾಗುವುದಿಲ್ಲ. ಸಿಗುವುದು ಮನೆ ಇನ್ಶೂರೆನ್ಸೇ. ಅದರಲ್ಲಿ ಕಟ್ಟಡ ಬಿಟ್ಟು ಒಳಗಿನ ಸಾಮಾನಿಗೆ ಮಾತ್ರ ತಗೊಳ್ಳಬಹುದು. 2021ರ ಏಪ್ರಿಲ್ 1ರಿಂದ, ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 'ಭಾರತ್ ಗೃಹ ರಕ್ಷಾ' ಅನ್ನುವ ಒಂದೇ ಮಾದರಿಯ ಪಾಲಿಸಿ ತಂದಿದೆ. ಬೆಂಕಿ, ಸಿಡಿಲು, ನೆರೆ, ಭೂಕಂಪ, ಗಲಭೆ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆಗುವ ನಷ್ಟ, ಇವೆಲ್ಲ ಅದರಲ್ಲಿ ಬರುತ್ತವೆ. ಆದರೆ ಬರೀ ಕಳ್ಳತನ ಬರುವುದಿಲ್ಲ! ಬೆಂಕಿ ಬಿದ್ದೋ ನೆರೆ ಬಂದೋ ಮನೆ ಅಸ್ತವ್ಯಸ್ತವಾಗಿ, ಅದರ ಕಾರಣಕ್ಕೇ ಏಳು ದಿನದೊಳಗೆ ಕಳುವಾದರೆ ಮಾತ್ರ ಲೆಕ್ಕ. ಹಾಗಾಗಿ ಕಳ್ಳತನದ ಕವರ್ ಬೇರೆ ಸೇರಿಸಿಕೊಂಡೆ. ಎರಡು ಲಕ್ಷದ ಸಾಮಾನಿಗೆ ವರ್ಷಕ್ಕೆ 900 ರೂಪಾಯಿ, ಮೇಲೆ 18% ಜಿಎಸ್‌ಟಿ, ಒಟ್ಟು 1,062. ತಿಂಗಳಿಗೆ ಲೆಕ್ಕ ಹಾಕಿದರೆ ಕ್ಯಾತ್ಸಂದ್ರದಲ್ಲಿ ಒಂದು ಸಲ ಇಬ್ಬರು ತಟ್ಟೆ ಇಡ್ಲಿ ತಿಂದು ಕಾಫಿ ಕುಡಿದಷ್ಟು.

ಮೊದಲ ವರ್ಷ ಏನೂ ಆಗಲಿಲ್ಲ. ಸುಮ್ನೆ ಕಟ್ಟಿದೆ ಅನ್ನಿಸಿತು.

2023ರ ದಸರಾ ರಜೆಗೆ ಇಬ್ಬರೂ ಊರಿಗೆ ಹೋಗಿದ್ದೆವು. ವಾಪಸ್ ಬಂದು ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದಂಥ ವಾಸನೆ. ಬಚ್ಚಲ ಮೇಲಿನ ಪೈಪಿನ ಜಾಯಿಂಟ್ ಬಿಟ್ಟುಕೊಂಡಿತ್ತು. ಟ್ಯಾಂಕಿನಲ್ಲಿದ್ದ ನೀರೆಲ್ಲ ನಮ್ಮ ಮನೆಯೊಳಗೆ. ಅದೂ ಸಾಲದು ಅಂತ, 'ಟ್ಯಾಂಕ್ ಯಾಕೋ ಖಾಲಿ' ಅಂದುಕೊಂಡು ಓನರ್ ಆಂಟಿ ಎರಡು ಸಲ ಮೋಟರ್ ಹಾಕಿದ್ದರಂತೆ. ನೆಲದ ಮೇಲಿದ್ದ ಹತ್ತಿ ಹಾಸಿಗೆ ಇಬ್ಬರು ಎತ್ತಿದರೂ ಏಳುತ್ತಿರಲಿಲ್ಲ. ಓದುವ ಟೇಬಲ್ಲಿನ ಕಾಲು ಊದಿಕೊಂಡು ಪದರ ಪದರ ಬಿಟ್ಟಿತ್ತು. ಸಿಪಿಯು ಓರೆ ಮಾಡಿದರೆ ಒಳಗಿಂದ ನೀರು ಸುರಿಯಿತು.

ಒಂದು ಒಳ್ಳೆ ಕೆಲಸ ಮಾಡಿದ್ದೆ. ಒರೆಸುವ ಮೊದಲು ವಿಡಿಯೋ ತೆಗೆದೆ. ಅವತ್ತೇ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತಗೊಂಡೆ. ನಾಲ್ಕನೇ ದಿನ ನಷ್ಟ ಎಷ್ಟು ಅಂತ ಲೆಕ್ಕ ಹಾಕುವ ಸರ್ವೇಯರ್ ಬಂದರು. ಅಲ್ಲಿಯವರೆಗೆ ಹಾಸಿಗೆ ಎಸೆಯುವ ಹಾಗಿಲ್ಲ, ಮನೆಯಲ್ಲಿ ಇಟ್ಟುಕೊಂಡು ಮಲಗುವ ಹಾಗೂ ಇಲ್ಲ. ಅವರು ಒಂದೊಂದಕ್ಕೂ ಬಿಲ್ ಕೇಳಿದರು. ಹಾಸಿಗೆ, ಟೇಬಲ್ಲಿನದ್ದು ಇತ್ತು. ಸಿಪಿಯು ಮಾತ್ರ ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬಿಲ್ ಇಲ್ಲ, ಆದರೆ ಯುಪಿಐನಲ್ಲಿ 14,000 ಕಳಿಸಿದ್ದು ಇದೆಯಲ್ಲ ಅಂತ ಧೈರ್ಯವಾಗಿ ಮೊಬೈಲ್ ತೋರಿಸಿದೆ. ಕೆಳಗಿನ ನೋಟ್‌ನಲ್ಲಿ ತಮಾಷೆಗೆ 'ಬಿರಿಯಾನಿ' ಅಂತ ಬರೆದಿದ್ದೆ. ಸರ್ವೇಯರ್ ಒಂದು ಸಲ ಫೋನ್ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. ಸಿಪಿಯು ಪಟ್ಟಿಯಿಂದ ಹೋಯಿತು.

ಕೇಳಿದ್ದು 38,000. ಸಿಪಿಯು ಕಳೆದು, ಹಳೇ ಸಾಮಾನು ಅಂತ ಸವಕಳಿ ಕಳೆದು, 47 ದಿನದ ಮೇಲೆ ಅಕೌಂಟಿಗೆ ಬಂದಿದ್ದು 17,600. ಬೇಜಾರೇನೂ ಆಗಲಿಲ್ಲ. ಗೇಲಿ ಮಾಡುತ್ತಿದ್ದ ಗೆಳೆಯನ ಹಾಸಿಗೆಗೆ ಒಂದು ರೂಪಾಯಿಯೂ ಸಿಗಲಿಲ್ಲ, ಯಾಕೆಂದರೆ ಪಾಲಿಸಿಯಲ್ಲಿ ಅವನ ಹೆಸರಿರಲಿಲ್ಲ. ಒಂದೇ ರೂಮಿನಲ್ಲಿದ್ದರೂ ಅವರವರ ಸಾಮಾನು ಅವರವರದ್ದೇ. ಓನರ್ ಹಾಕಿಸಿದ ಫ್ಯಾನು, ಗೀಸರ್, ವಾರ್ಡ್‌ರೋಬು ಕೂಡ ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಕಳ್ಳತನದ ಕಥೆ. 2024ರ ಮಾರ್ಚ್, ಮಧ್ಯಾಹ್ನ. ಸೆಕೆಗೆ ಬಾಗಿಲು ತೆರೆದಿಟ್ಟು ಓದುತ್ತಿದ್ದೆ. ಹಾಲಿನ ಪ್ಯಾಕೆಟ್ ತರೋಣ ಅಂತ ಕೆಳಗೆ ಹೋದೆ, ಬಾಗಿಲು ಸುಮ್ಮನೆ ಎಳೆದುಕೊಂಡು. ಹತ್ತು ನಿಮಿಷ ಇರಬಹುದು. ಬಂದು ನೋಡಿದರೆ ಚಾರ್ಜರ್ ಗೋಡೆಯಲ್ಲೇ ನೇತಾಡುತ್ತಿದೆ, ಲ್ಯಾಪ್‌ಟಾಪ್ ಇಲ್ಲ. ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿದೆ. ನಡೆದದ್ದನ್ನು ನಡೆದ ಹಾಗೇ ಹೇಳಿದೆ, ಹಾಗೇ ಬರೆದುಕೊಂಡರು.

ಕ್ಲೇಮ್ ತಿರಸ್ಕಾರ. ಕಾರಣ ಒಂದೇ ಸಾಲು. ನನ್ನ ಪಾಲಿಸಿಯಲ್ಲಿ ಕಳ್ಳತನ ಅಂದರೆ ಬೀಗ ಮುರಿದೋ, ಕಿಟಕಿ ಸರಳು ಬಗ್ಗಿಸಿಯೋ, ಬಲವಂತವಾಗಿ ಒಳಗೆ ನುಗ್ಗಿರಬೇಕು, ಗುರುತು ಇರಬೇಕು. ತೆರೆದ ಬಾಗಿಲಲ್ಲಿ ನಡೆದು ಬಂದವನು ಕಳ್ಳನೇ ಆದರೂ ಇವರ ಪ್ರಕಾರ ಕಳ್ಳ ಅಲ್ಲ. ಪಾಲಿಸಿ ಮಾರಿದ ಏಜೆಂಟಣ್ಣ ಅವತ್ತು "ಎಲ್ಲಾ ಕವರ್ ಆಗುತ್ತೆ ಬಿಡಿ" ಅಂದಿದ್ದರು. ಈಗ ಫೋನ್ ಮಾಡಿದರೆ "ಪಾಲಿಸಿಯಲ್ಲಿ ಬರೆದಿತ್ತಲ್ವಾ?" ಅಂದರು. ಬರೆದಿತ್ತು, ನಿಜ. ಒಂಬತ್ತನೇ ಪುಟದಲ್ಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅವತ್ತು ರಾತ್ರಿ ಕೂತು ಪೂರ್ತಿ ಓದಿದೆ.

ಓದುತ್ತಾ ಇನ್ನೊಂದು ವಿಷಯ ಸಿಕ್ಕಿತು. ಶಾರ್ಟ್ ಸರ್ಕ್ಯೂಟೋ ಹೈ ವೋಲ್ಟೇಜೋ ಆಗಿ ಫ್ರಿಡ್ಜ್ ಸುಟ್ಟರೆ ಆ ಫ್ರಿಡ್ಜ್‌ಗೆ ದುಡ್ಡಿಲ್ಲ. ಅದರಿಂದ ಬೆಂಕಿ ಹಬ್ಬಿ ಪಕ್ಕದ ಮಂಚ ಸುಟ್ಟರೆ ಮಂಚಕ್ಕೆ ಇದೆ. ವಿಚಿತ್ರ ಅನ್ನಿಸುತ್ತದೆ, ಆದರೆ ಇದು ನನ್ನ ಕಂಪನಿಯದ್ದು ಮಾತ್ರವಲ್ಲ, ಆ ಮಾದರಿ ಪಾಲಿಸಿಯಲ್ಲೇ ಇರುವ ನಿಯಮ.

ದೂರು ಕೊಡುವುದಕ್ಕೂ ಹೊರಟಿದ್ದೆ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಅಲ್ಲಿ ಆಗದಿದ್ದರೆ ಐಆರ್‌ಡಿಎಐನ 'ಬಿಮಾ ಭರೋಸಾ' ವೆಬ್‌ಸೈಟ್ ಇದೆ, 155255 ನಂಬರ್ ಇದೆ. ಆಮೇಲೆ ಬೆಂಗಳೂರಿನಲ್ಲಿ ಇಂಥ ತಕರಾರು ಬಗೆಹರಿಸುವ ವಿಮಾ ಒಂಬುಡ್ಸ್‌ಮನ್, ಅಲ್ಲಿ ಫೀಸ್ ಇಲ್ಲ, ಲಾಯರ್ ಬೇಕಿಲ್ಲ. ಕಂಪನಿಗೆ ಒಂದು ಪತ್ರ ಬರೆದೆ, ಅದೇ ಉತ್ತರ ಬಂತು. ಮುಂದೆ ಹೋಗಲಿಲ್ಲ. ಎಫ್‌ಐಆರ್‌ನಲ್ಲೇ 'ಬೀಗ ಹಾಕಿರಲಿಲ್ಲ' ಅಂತ ಇರುವಾಗ ನಾನು ಗೆಲ್ಲುವ ಕೇಸಲ್ಲ ಅದು.

ಕೆಲಸ ಸಿಕ್ಕ ಮೇಲೆ ಎಸ್‌ಎಸ್ ಪುರಂಗೆ ಮನೆ ಬದಲಾಯಿಸಿದೆ. ದಿನಾ ವಸಂತನರಸಾಪುರಕ್ಕೆ ಓಡಾಟ. ಈ ಪಾಲಿಸಿ ವಿಳಾಸಕ್ಕೆ ಅಂಟಿಕೊಂಡಿರುತ್ತದೆ ಅನ್ನುವುದು ಎರಡು ತಿಂಗಳು ಮರೆತೇ ಹೋಗಿತ್ತು. ಆ ಎರಡು ತಿಂಗಳು ನನ್ನ ಸಾಮಾನು ಒಂದು ಕಡೆ, ಇನ್ಶೂರೆನ್ಸ್ ಇನ್ನೊಂದು ಕಡೆ. ಹೊಸ ಬಾಡಿಗೆ ಕರಾರು ಕಳಿಸಿದ ಮೇಲೆ ವಾರದಲ್ಲಿ ವಿಳಾಸ ಬದಲಾಯಿಸಿ ಕೊಟ್ಟರು, ದುಡ್ಡು ಕೇಳಲಿಲ್ಲ. ಇದಕ್ಕೆ ಪೂರ್ತಿ ಅಂಕ.

ಒಟ್ಟು ಐದಕ್ಕೆ ಮೂರು ಕೊಡುತ್ತೇನೆ. ಪಿಜಿಯಲ್ಲಿ ಒಂದು ಮಂಚ, ಒಂದು ಸೂಟ್‌ಕೇಸ್ ಇಟ್ಟುಕೊಂಡಿರುವವರಿಗೆ ಇದು ಬೇಡ. ಅವರಿಗೆ ಲ್ಯಾಪ್‌ಟಾಪಿನದ್ದೇ ಬೇರೆ ಪಾಲಿಸಿ ಸಿಕ್ಕರೆ ಸಾಕು. ನಮ್ಮ ಹಾಗೆ ಹಾಸಿಗೆ, ಟೇಬಲ್, ವಾಷಿಂಗ್ ಮೆಷಿನ್ ಅಂತ ಒಂದೊಂದೇ ಕೂಡಿಸಿಕೊಂಡವರು ತಗೊಳ್ಳಬಹುದು, ಬಿಲ್ ಇಟ್ಟುಕೊಂಡಿದ್ದರೆ.

ನಾಲ್ಕನೇ ವರ್ಷಕ್ಕೂ ಕಟ್ಟಿದ್ದೇನೆ. ಈ ಸಲ ಹೊಸ ಲ್ಯಾಪ್‌ಟಾಪನ್ನು ಮನೆಯ ಹೊರಗೂ ಒಳಗೂ ನಡೆಯುವ ಬೇರೆ ಕವರ್‌ಗೆ ಹಾಕಿಸಿದೆ, 700 ಚಿಲ್ಲರೆ ಜಾಸ್ತಿ ಆಯಿತು. ಗೆಳೆಯನೂ ಮೊನ್ನೆ ಫೋನ್ ಮಾಡಿ ಏಜೆಂಟ್ ನಂಬರ್ ಕೇಳಿದ. ಏಜೆಂಟ್ ಬೇಡ, ಆನ್‌ಲೈನ್‌ನಲ್ಲಿ ತಗೋ, ಮೊದಲು ಒಂಬತ್ತನೇ ಪುಟ ಓದು ಅಂದೆ.