ಕರೆಂಟ್ ಹೋದರೆ ಹಗಲನ್ನೇ ಮರೆಯುವ ದೀಪ: ಆರ್ಕಿಡ್‌ಗೆಂದು ಕೊಂಡ ಎಲ್‌ಇಡಿ, ಎರಡು ಮಳೆಗಾಲದ ನಂತರ

ಈ ದೀಪದ ಬೆಳಕಿನ ಬಗ್ಗೆ ನನಗೆ ದೂರಿಲ್ಲ. ದೂರು ಇರುವುದು ಅದರ ವಯರಿನ ನಡುವೆ ಬೆಂಕಿಪೊಟ್ಟಣದಷ್ಟು ಗಾತ್ರದಲ್ಲಿ ಕೂತಿರುವ ಟೈಮರ್ ಬಗ್ಗೆ. ಎಷ್ಟು ವ್ಯಾಟ್, ಎಷ್ಟು ಬಲ್ಬು ಎಂಬುದೆಲ್ಲ ಪೆಟ್ಟಿಗೆಯ ಮೇಲೆಯೇ ಇದೆ. ಕೊಳ್ಳುವ ಮನಸ್ಸಿರುವವರು ಅದನ್ನು ಓದಿಯೇ ಇರುತ್ತೀರಿ. ಪೆಟ್ಟಿಗೆಯ ಮೇಲೆ ಇಲ್ಲದ್ದನ್ನಷ್ಟೇ ಬರೆಯುತ್ತೇನೆ.

2023ರ ಜನವರಿಯಲ್ಲಿ ಅತ್ತೆಯನ್ನು ಮಂಗಳೂರಿನ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಬರುವಾಗ ಕೈಯಲ್ಲಿ ಮೂರು ಫೆಲನಾಪ್ಸಿಸ್ ಆರ್ಕಿಡ್ ಗಿಡಗಳಿದ್ದವು: ಎರಡು ಬಿಳಿ, ಒಂದು ನೇರಳೆ. ಬಿಳಿಯ ಹೂಗಳು ದಂಟಿನುದ್ದಕ್ಕೂ ರೆಕ್ಕೆ ಬಿಚ್ಚಿ ಕೂತ ಪತಂಗಗಳಂತೆಯೇ ಕಾಣುತ್ತವೆ. ಗ್ರೀಕ್ ಮೂಲದ ಆ ಹೆಸರಿನ ಅರ್ಥವೂ ಅದೇ. ಅತ್ತೆ ಬೆಳ್ತಂಗಡಿ ಕಡೆಯವರು, ಚಿಕ್ಕಂದಿನಲ್ಲಿ ಹಲಸಿನ ಮರದ ಮೇಲಿನ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಹೂವನ್ನು ಮುಡಿದವರು. "ಇದೂ ಮರ ಹಿಡಿಯುವ ಜಾತಿ, ಮಣ್ಣಿಗೆ ಹಾಕಬೇಡ" ಎಂದು ಆಟೋದಲ್ಲಿಯೇ ಹೇಳಿದರು. ಹಾಗಾಗಿ ಇದ್ದಿಲು, ತೆಂಗಿನ ಸಿಪ್ಪೆಯ ತುಂಡು, ಒಡೆದ ಮಂಗಳೂರು ಹೆಂಚಿನ ಚೂರು, ಇಷ್ಟನ್ನೇ ಪಾರದರ್ಶಕ ಕುಂಡಕ್ಕೆ ತುಂಬಿದೆ. ಆ ವಿಷಯದಲ್ಲಿ ಇಂದಿಗೂ ತೊಂದರೆ ಬಂದಿಲ್ಲ.

ತೊಂದರೆ ಬಂದದ್ದು ಬೆಳಕಿನದು. ನಮ್ಮದು ಬಿಜೈಯಲ್ಲಿ ಮೂರನೆಯ ಮಹಡಿಯ ಮನೆ. ಪೂರ್ವದ ಕಿಟಕಿಯಲ್ಲಿ ಬೆಳಿಗ್ಗೆ ಎಂಟೂವರೆಯವರೆಗೆ ಎಳೆಬಿಸಿಲು, ಆಮೇಲೆ ಪಕ್ಕದ ಕಟ್ಟಡದ ನೆರಳು. ಏಪ್ರಿಲ್‌ನಲ್ಲಿ ಹೂ ಉದುರಿದ ಮೇಲೆ, ಸೆಕೆಗೆ ಹೆದರಿ, ಎರಡು ಗಿಡಗಳನ್ನು ಉತ್ತರದ ಬಾಲ್ಕನಿಗೆ ಸಾಗಿಸಿದೆ. ಉತ್ತರದಲ್ಲಿ ಬಿಸಿಲು ಬೀಳುವುದೇ ಇಲ್ಲ ಎಂದು ಓದಿದ್ದೆ. ಅದು ದೂರದ ಚಳಿ ದೇಶಗಳ ಮಾತು. ಮಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರಕ್ಕೆ ಸೂರ್ಯ ನಡುನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದರೆ ಮತ್ತೆ ಮರಳುವುದು ಆಗಸ್ಟ್ ನಡುವಿನಲ್ಲಿ. ಮೇ ತಿಂಗಳ ಸಂಜೆ ನಾಲ್ಕರ ಬಿಸಿಲು ಓರೆಯಾಗಿ ಬಾಲ್ಕನಿಯೊಳಗೆ ಬಂದು ಎಲೆಯ ಮೇಲೆ ಬಿತ್ತು. ಮೂರು ದಿನಕ್ಕೆ ಬಿಳಿಚಿದ ಮಚ್ಚೆ, ವಾರಕ್ಕೆ ಅದು ಕಂದಿ ಕಾಗದದಂತೆ ಒಣಗಿತು. ಆ ಎಲೆಗಳನ್ನು ನಾನು ಕತ್ತರಿಸಿಲ್ಲ. ಉಳಿದ ಹಸಿರು ಭಾಗ ಇನ್ನೂ ದುಡಿಯುತ್ತಿದೆ.

ಮಳೆ ಹಿಡಿದ ಮೇಲೆ ಕಷ್ಟ ತಿರುವುಮುರುವಾಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಒಳಗೆ ದೀಪ ಹಾಕಿಕೊಳ್ಳಬೇಕು. ಫೆಲನಾಪ್ಸಿಸ್‌ಗೆ ಹತ್ತರಿಂದ ಹದಿನೈದು ಸಾವಿರ ಲಕ್ಸ್ ಬೆಳಕು ಚೆನ್ನ ಎನ್ನುತ್ತಾರೆ. ಮೊಬೈಲಿನಲ್ಲಿ ಅಳೆದಾಗ ಫೆಬ್ರವರಿಯ ಬೆಳಿಗ್ಗೆ ನನ್ನ ಕಿಟಕಿಯಲ್ಲಿ ಅಷ್ಟು ಸಿಗುತ್ತದೆ. ಜುಲೈ ಮಧ್ಯಾಹ್ನ ಸಾವಿರದೈನೂರು ಸಿಕ್ಕರೆ ಹೆಚ್ಚು. ಮೊಬೈಲಿನ ಅಳತೆ ಅಂದಾಜಿನದೇ, ಆದರೆ ಅಂತರ ಅಷ್ಟು ದೊಡ್ಡದಿದ್ದಾಗ ಅಂದಾಜು ಸಾಕು. ಅಳೆಯದೆಯೂ ತಿಳಿಯಬಹುದು. ಎಲೆಯಿಂದ ಒಂದು ಅಡಿ ಮೇಲೆ ಅಂಗೈ ಹಿಡಿದು ನೋಡಿ: ಅಂಚು ಮಸುಕಾದ ನೆರಳು ಬಿದ್ದರೆ ಬೆಳಕು ಹದವಾಗಿದೆ, ಗೆರೆ ಎಳೆದಂತೆ ಬಿದ್ದರೆ ಹೆಚ್ಚು, ನೆರಳೇ ಬೀಳದಿದ್ದರೆ ಕಡಿಮೆ. ಜೂನ್‌ನಲ್ಲಿ ನನ್ನ ಕೈಗೆ ನೆರಳೇ ಇರಲಿಲ್ಲ.

ಹೀಗೆ 1,499 ರೂಪಾಯಿ ಕೊಟ್ಟು ಈ ದೀಪ ತರಿಸಿದೆ. ಕ್ಲಿಪ್ಪು, ಬಗ್ಗಿಸಬಹುದಾದ ನಾಲ್ಕು ಕತ್ತುಗಳು, ಬಿಳಿ ಬೆಳಕು. ಬಿಳಿಯದನ್ನೇ ಆರಿಸಿದ್ದಕ್ಕೆ ಸಂತೋಷವಿದೆ. ನೇರಳೆ ಬೆಳಕಿನ ದೀಪದ ಕೆಳಗೆ ಎಲೆ ಕಪ್ಪಗೆ ಕಾಣುತ್ತದೆ, ಆದರೆ ಈ ಗಿಡ ತನ್ನ ಸುಖದುಃಖವನ್ನು ಹೇಳುವುದೇ ಎಲೆಯ ಬಣ್ಣದಲ್ಲಿ. ಕಡು ಹಸಿರಾದರೆ ಬೆಳಕು ಸಾಲದು, ಅಂಚಿಗೆ ಕೆಂಪು ಏರಿದರೆ ಮಿತಿಗೆ ಬಂದಿದೆ, ಹಳದಿಗೆ ತಿರುಗಿ ಬಿಳಿಚಿದರೆ ವಿಪರೀತವಾಗಿದೆ. ಎಳೆಯ ಹುಲ್ಲಿನ ಹಸಿರು ನನಗೆ ಬೇಕಾದದ್ದು. ಎಲೆಯಿಂದ ಒಂದು ಗೇಣು ಎತ್ತರದಲ್ಲಿಟ್ಟಾಗ ಕಿಟಕಿಯ ಬೆಳಕೂ ಸೇರಿ ನಾಲ್ಕೂವರೆ ಸಾವಿರ ಲಕ್ಸ್ ಬಂತು. ದಿನಕ್ಕೆ ಹನ್ನೆರಡು ಗಂಟೆ ಸಿಕ್ಕರೆ ಅಷ್ಟರಲ್ಲಿ ಗಿಡ ಬದುಕುತ್ತದೆ.

ಹನ್ನೆರಡು ಗಂಟೆ ಎಂದದ್ದು ಟೈಮರ್‌ನ ಲೆಕ್ಕ. ಬೆಳಿಗ್ಗೆ ಆರೂವರೆಗೆ ಒಮ್ಮೆ ಗುಂಡಿ ಒತ್ತಿದರೆ ಸಂಜೆ ಆರೂವರೆಗೆ ಆರುತ್ತದೆ, ಮರುದಿನ ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂದು ಕಾಗದದಲ್ಲಿದೆ. ಎರಡು ವಾರ ಹಾಗೆಯೇ ನಡೆಯಿತು. ಮೂರನೆಯ ವಾರ ಒಂದು ರಾತ್ರಿ ಎರಡು ಗಂಟೆಗೆ ಅತ್ತೆ ನನ್ನನ್ನು ಎಬ್ಬಿಸಿದರು. "ಆ ಗಿಡಗಳ ದೀಪ ಉರಿಯುತ್ತಾ ಇದೆ. ಅವಕ್ಕೂ ರಾತ್ರಿ ಬೇಡವೇ?"

ಆ ದಿನ ಸಂಜೆ ನಾಲ್ಕಕ್ಕೆ ಹೋದ ಕರೆಂಟ್ ಏಳಕ್ಕೆ ಬಂದಿತ್ತು. ಕರೆಂಟ್ ಬಂದ ಕೂಡಲೇ ದೀಪ ತಾನಾಗಿ ಹೊತ್ತಿಕೊಂಡು, ಅದೇ ಬೆಳಿಗ್ಗೆ ಎಂದು ಭಾವಿಸಿ ಹೊಸದಾಗಿ ಹನ್ನೆರಡು ಗಂಟೆ ಎಣಿಸತೊಡಗಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಆರಿತು, ಸಂಜೆ ಏಳಕ್ಕೆ ಮತ್ತೆ ಹೊತ್ತಿತು. ಹಗಲು ರಾತ್ರಿ ಅದಲುಬದಲು. ಅದರೊಳಗೆ ಗಡಿಯಾರವಿಲ್ಲ, ಬರೀ ಎಣಿಕೆ ಇದೆ. ಎಣಿಕೆಯನ್ನು ಕಾಪಾಡಲು ಒಂದು ಗುಂಡಿ ಬ್ಯಾಟರಿಯನ್ನೂ ಇಟ್ಟಿಲ್ಲ. ನಮ್ಮ ಕಡೆ ಇಂಥ ದೀಪ ಬೇಕಾಗುವುದು ಮಳೆಗಾಲದಲ್ಲಿ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವುದೂ ಮಳೆಗಾಲದಲ್ಲಿಯೇ. ಮಾರಿದವರಿಗೆ ಬರೆದೆ. "ಬೇಕಾದ ಸಮಯಕ್ಕೆ ಪ್ಲಗ್ ತೆಗೆದು ಮತ್ತೆ ಹಾಕಿ" ಎಂಬ ಒಂದು ಸಾಲಿನ ಉತ್ತರ ಬಂತು. ಮನೆಯಲ್ಲಿ ಯಾರಾದರೂ ದಿನವೂ ಪ್ಲಗ್ ಕಾಯುತ್ತಾ ಕೂರಬೇಕಾದರೆ ಟೈಮರ್‌ಗೆಂದು ದುಡ್ಡು ಕೊಟ್ಟದ್ದೇಕೆ?

ಅತ್ತೆ ಕೇಳಿದ ಪ್ರಶ್ನೆ ಸಸ್ಯಶಾಸ್ತ್ರದ ಪ್ರಕಾರವೂ ಸರಿಯಾದದ್ದು. ಈ ಆರ್ಕಿಡ್ ಪಾಪಸುಕಳ್ಳಿಯಂತೆ, ಅನಾನಸಿನಂತೆ ರಾತ್ರಿಯಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಆಮ್ಲವಾಗಿ ಕೂಡಿಡುತ್ತದೆ. ಹಗಲಿನ ಬೆಳಕಿನಲ್ಲಿ ಅದರಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಕತ್ತಲೆ ಅದಕ್ಕೆ ದುಡಿಮೆಯ ಹೊತ್ತು. ನಾವು ಇಬ್ಬರೂ ಊರಿಗೆ ಹೋಗಿ ಒಂಬತ್ತು ದಿನ ಬಿಟ್ಟು ಬಂದಾಗಲೂ ದೀಪ ರಾತ್ರಿಪಾಳಿಯಲ್ಲಿಯೇ ಇತ್ತು. ಆ ಮಳೆಗಾಲದಲ್ಲಿ ಬಂದ ಹೊಸ ಎಲೆಗಳು ಉದ್ದಕ್ಕೆ, ಸೊರಗಿ, ಕಡು ಹಸಿರಾಗಿ ಜೋತುಬಿದ್ದವು. ಎಲ್ಲ ತಪ್ಪನ್ನೂ ಟೈಮರ್ ಮೇಲೆ ಹೊರಿಸಲಾರೆ, ದೀಪವನ್ನು ಮೊದಲ ತಿಂಗಳು ತೀರಾ ಎತ್ತರದಲ್ಲಿ ಇಟ್ಟವಳು ನಾನೇ. ಆದರೆ ಆ ವರ್ಷ ಒಂದು ಗಿಡವೂ ಹೂದಂಟು ತೆಗೆಯಲಿಲ್ಲ ಎಂಬ ನೋವು ಈಗಲೂ ಇದೆ. ಹಗಲಿನಲ್ಲಿಯೂ 28 ಡಿಗ್ರಿ ಮೀರಿದ ಸೆಕೆ ಇದ್ದರೆ ಫೆಲನಾಪ್ಸಿಸ್ ಎಲೆ ಬಿಡುತ್ತದೆಯೇ ಹೊರತು ದಂಟು ತೆಗೆಯುವುದಿಲ್ಲ. ಬೇರೆ ಊರುಗಳಲ್ಲಿ ಅದು ಚಳಿಗಾಲಕ್ಕೆ ಕಾಯುತ್ತದೆ. ನಮ್ಮಲ್ಲಿ ಜನವರಿಯ ಮಧ್ಯಾಹ್ನ 32 ಡಿಗ್ರಿ. ಹಗಲು ನಿಜವಾಗಿ ತಣ್ಣಗಿರುವುದು ಜುಲೈ-ಆಗಸ್ಟ್‌ನಲ್ಲಿ ಬರುವ ತುಳುವರ ಆಟಿ ತಿಂಗಳಿನ ಆಸುಪಾಸಿನಲ್ಲಿ. ತಂಪು ಸಿಗುವ ಹೊತ್ತಿನಲ್ಲಿ ಬೆಳಕಿಲ್ಲ. ವರ್ಷದಲ್ಲಿ ಅದೊಂದೇ ಅವಕಾಶ, ಅದನ್ನು ಈ ದೀಪ ಹಾಳುಮಾಡಿತು.

ಪರಿಹಾರ ಸಿಕ್ಕಿದ್ದು ಬಿಜೈಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ. ಗೋಡೆಯ ಪ್ಲಗ್ಗಿಗೆ ಹಾಕುವ ಡಿಜಿಟಲ್ ಟೈಮರ್, 640 ರೂಪಾಯಿ. ತಿರುಗುವ ಚಕ್ರದ ಅಗ್ಗದ ಟೈಮರ್ ಕೂಡ ಇತ್ತು, ಆದರೆ ಕರೆಂಟ್ ಹೋದಾಗ ಅದರ ಚಕ್ರವೂ ನಿಲ್ಲುತ್ತದೆ. ಡಿಜಿಟಲ್‌ನದಕ್ಕೆ ಒಳಗೆ ಪುಟ್ಟ ಬ್ಯಾಟರಿ ಇದೆ, ಗಂಟೆ ತಪ್ಪುವುದಿಲ್ಲ. ಆರೂವರೆಗೆ ಅದು ಕರೆಂಟ್ ಕೊಡುತ್ತದೆ, ದೀಪ ಹೊತ್ತಿ ತನ್ನ ಎಣಿಕೆ ಶುರುಮಾಡುತ್ತದೆ. ಸಂಜೆ ಆರಕ್ಕೆ ಹೊರಗಿನ ಟೈಮರ್ ಕಡಿದುಬಿಡುತ್ತದೆ. ನಡುವೆ ಹತ್ತು ಸಲ ಕರೆಂಟ್ ಹೋದರೂ ರಾತ್ರಿ ರಾತ್ರಿಯಾಗಿಯೇ ಉಳಿಯುತ್ತದೆ. ವಿದ್ಯುತ್ ಖರ್ಚು ತಿಂಗಳಿಗೆ ಏಳು ಯೂನಿಟ್ಟಿಗೂ ಕಡಿಮೆ.

2024ರ ಮಳೆಗಾಲ ಹೀಗೆ ಕಳೆಯಿತು. ಆರೂವರೆಗೆ ದೀಪ ಹೊತ್ತುವಾಗ ನಾನು ಕಾಫಿ ಲೋಟ ಹಿಡಿದು ಅಲ್ಲಿರುತ್ತೇನೆ. ಮೊದಲು ಬೇರು ನೋಡುವುದು: ಬೆಳ್ಳಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು, ಹಸಿರಾಗಿದ್ದರೆ ಬೇಡ. ಹಿಂದಿನ ದಿನ ಪಾತ್ರೆಯಲ್ಲಿ ಹಿಡಿದ ಮಳೆನೀರನ್ನು ಹೆಂಚಿನ ಚೂರುಗಳ ಮೇಲೆ ನಿಧಾನವಾಗಿ ಸುರಿದರೆ ಬೇರು ನೋಡನೋಡುತ್ತಲೇ ಹಸಿರಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಸುಳಿಯೊಳಗೆ ಹನಿ ಬಿದ್ದರೆ ಹಳೆಯ ಮಲ್ಲು ಬಟ್ಟೆಯ ತುದಿಯನ್ನು ತಿರುಚಿ ಒರೆಸುತ್ತೇನೆ, ಏಕೆಂದರೆ ಮಳೆಗಾಲದಲ್ಲಿ ಸುಳಿ ಕೊಳೆತರೆ ಗಿಡ ಉಳಿಯುವುದಿಲ್ಲ. ಆಮೇಲೆ ಸಣ್ಣ ಫ್ಯಾನ್ ಹಾಕಿ ಕೆಲಸಕ್ಕೆ ಹೊರಡುತ್ತೇನೆ.

ನವರಾತ್ರಿಯ ಮೊದಲ ದಿನ ಬೆಳಿಗ್ಗೆ ಬಿಳಿ ಗಿಡದ ಎಲೆಯ ಬುಡದಲ್ಲಿ ಒಂದು ಮೊಳಕೆ ಕಂಡಿತು. ಬೇರಿನ ತುದಿ ಗುಂಡಗೆ, ನುಣ್ಣಗೆ ಇರುತ್ತದೆ. ಇದು ಚಪ್ಪಟೆಯಾಗಿ, ಹೆಬ್ಬೆರಳು ಮಾತ್ರ ಬೇರೆಯಾಗಿರುವ ಕೈಗವುಸಿನಂತೆ ಇತ್ತು. ಅತ್ತೆಯನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿ ಬಗ್ಗಿ ನೋಡಿದ ಅವರು ಏನೂ ಹೇಳದೆ ದೇವರ ಕೋಣೆಗೆ ಹೋಗಿ ಅರಿಶಿನ ಕುಂಕುಮ ತಂದು ಕುಂಡಕ್ಕೆ ಹಚ್ಚಿದರು. ಅಂದಿನಿಂದ ಕುಂಡವನ್ನು ತಿರುಗಿಸಲಿಲ್ಲ. ದಂಟು ಬೆಳಕಿನತ್ತ ಬಾಗುತ್ತದೆ, ತಿರುಗಿಸಿದರೆ ಅಂಕುಡೊಂಕಾಗುತ್ತದೆ. ಬಾಳೆಗೊನೆಯನ್ನೂ ಆ ಕೋಣೆಯಿಂದ ಹೊರಗಿಟ್ಟೆವು, ಹಣ್ಣಾಗುವಾಗ ಬಿಡುವ ಅನಿಲಕ್ಕೆ ಮೊಗ್ಗು ಉದುರುತ್ತದೆ. ಜನವರಿಯ ಮೊದಲ ವಾರ ಮೊದಲ ಹೂ ಅರಳಿತು. ಇದನ್ನು ಬರೆಯುತ್ತಿರುವ ಫೆಬ್ರವರಿಯಲ್ಲಿ ಒಂಬತ್ತೂ ಅರಳಿ ನಿಂತಿವೆ. ನೇರಳೆ ಗಿಡವೂ ದಂಟು ತೆಗೆದಿದೆ. ಬಿಸಿಲಿಗೆ ಸುಟ್ಟ ಇನ್ನೊಂದು ಬಿಳಿ ಗಿಡ ಇನ್ನೂ ತೆಗೆದಿಲ್ಲ, ಅದರ ಎಲೆಗಳಿಗೆ ಈಗಷ್ಟೇ ಬಣ್ಣ ಬರುತ್ತಿದೆ.

ದೀಪದ ಕ್ಲಿಪ್ಪಿನ ಸ್ಪ್ರಿಂಗ್ ಕಡಲ ಗಾಳಿಗೆ ತುಕ್ಕು ಹಿಡಿದಿದೆ, ಒಂದು ಕತ್ತು ಸಡಿಲವಾಗಿ ಬಾಗುತ್ತದೆ, ಬೆಳಕು ಮಾತ್ರ ಕುಂದಿದಂತೆ ಕಾಣುವುದಿಲ್ಲ. 1,499ರ ಜೊತೆಗೆ 640 ಸೇರಿಸಿ ಲೆಕ್ಕ ಹಾಕಿದರೆ ಇದು ಒಳ್ಳೆಯ ದೀಪ; 1,499ಕ್ಕಷ್ಟೇ ಕೊಂಡು ಪೆಟ್ಟಿಗೆಯ ಮಾತನ್ನು ನಂಬಿದರೆ, ಕರಾವಳಿಯಲ್ಲಿ ಇರುವವರಿಗೆ, ಅಲ್ಲ. ಬರುವ ಜೂನ್‌ಗೆ ಮೂರನೆಯ ಗಿಡಕ್ಕೆಂದು ಇನ್ನೊಂದು ದೀಪ ಬೇಕು. ಇದೇ ಬೆಳಕಿನದು ಟೈಮರ್ ಇಲ್ಲದೆ ಸಿಗುತ್ತದೆಯೇ ಎಂದು ಅದೇ ಅಂಗಡಿಯಲ್ಲಿ ಕೇಳಿಟ್ಟಿದ್ದೇನೆ.